ಅಪ್ಪನಿಗೆ ಮುಕ್ತಿ ಸಿಕ್ಕಿತಂತೆ

ಪ್ರೀತಿಯ ಸೂಪರ್‌ವೈಸರ್,

ನಿನ್ನನ್ನು ಹೀಗೆ ಕರೆಯುತ್ತಿದ್ದವರು ಹೋದರು. ಇನ್ನು ಮುಂದೆ ನಾನೇ ಕರೆಯುತ್ತೇನೆ. ಓದಿದವರು ಯಾಕೆ ಈ ಹೆಸರು ಅಂತ ಕೇಳಿದರೆ ಹೇಳಬೇಡ, ಅದು ನಮ್ಮ ಮೂವರದ್ದು. ಅಪ್ಪನ ಬಗ್ಗೆ ಏನಾದರೂ ಬರೆಯೋ ಅಂತ ಅವತ್ತು ಫೋನಿನಲ್ಲಿ ಅಂದೆಯಲ್ಲ. ಮತ್ತಿಕೆರೆ, ಜಾಲಹಳ್ಳಿ ಕಡೆ ಅವರನ್ನು ಬಲ್ಲವರು ಬಹಳ ಜನ ಇದ್ದಾರೆ. ಅವರೂ ಓದಲಿ ಅಂತ ಎಲ್ಲರೆದುರೇ ಬರೆಯುತ್ತಿದ್ದೇನೆ.

ಕಾರ್ಯಗಳೆಲ್ಲ ಮುಗಿದವು. ಶ್ರೀರಂಗಪಟ್ಟಣಕ್ಕೆ ಹೋಗಿ ಪಶ್ಚಿಮವಾಹಿನಿಯಲ್ಲಿ ಅಸ್ಥಿ ಬಿಟ್ಟು ಬಂದೆವು.

ಈಗ ರಾತ್ರಿ ಹೊತ್ತು ಅವರ ನೋಟ್‌ಬುಕ್ಕುಗಳನ್ನು ಓದುತ್ತಿದ್ದೇನೆ. ಎಚ್‌ಎಂಟಿ ವಾಚ್ ಫ್ಯಾಕ್ಟರಿಯ ಬಸ್ಸು ಬರುವ ಮುಂಚೆ, ಇನ್ನೂ ಕತ್ತಲಿರುವಾಗಲೇ ಎದ್ದು ದೇವರಮನೆಯಲ್ಲಿ ಧ್ಯಾನಕ್ಕೆ ಕೂರುತ್ತಿದ್ದರಲ್ಲ, ಆಮೇಲೆ ಬರೆದಿಟ್ಟ ಸಾಲುಗಳು. ದೊಡ್ಡ ದೊಡ್ಡ ಅನುಭವಗಳು ಇರಬಹುದು ಅಂದುಕೊಂಡಿದ್ದೆ. ಇರುವುದು ಹೀಗೆ: 'ಕೂತೆ. ಮನಸ್ಸು ನಿಲ್ಲಲಿಲ್ಲ. ಮಗುವಿಗೆ ಜ್ವರ, 102.' 'ಕೂತೆ. ಸ್ವಲ್ಪ ಹೊತ್ತು ನಿಂತಿತು. ಸ್ಕೂಲ್ ಫೀಸಿಗೆ ಸೊಸೈಟಿಯಲ್ಲಿ ಸಾಲ ಕೇಳಬೇಕು.' ಪುಟಗಟ್ಟಲೆ ಹೀಗೇ. ಸಾಧನೆಗೆ ಒಂದು ಪುಸ್ತಕ, ಸಂಸಾರಕ್ಕೆ ಇನ್ನೊಂದು ಅಂತ ಅವರು ಮಾಡಲೇ ಇಲ್ಲ.

ನಿನಗೂ ಹೇಳಿರುತ್ತಾರೆ, ಜನತಾ ವಾಚಿನ ಮಾತು. ಅದರೊಳಗಿನ ಚಕ್ರ ಗಂಟೆಗೆ 18,000 ಸಲ ಬಡಿಯುತ್ತದೆ, ಆದರೂ ಕೀ ಕೊಡದಿದ್ದರೆ ನಿಂತುಬಿಡುತ್ತದೆ. 'ಮನಸ್ಸು ಮಾತ್ರ ನಿಲ್ಲುವುದಿಲ್ಲ. ಅದಕ್ಕೆ ಕೀ ಕೊಡುತ್ತಿರುವುದು ಯಾರು, ನೋಡು' ಅನ್ನುತ್ತಿದ್ದರು. ರಮಣ ಮಹರ್ಷಿಗಳ 'ನಾನು ಯಾರು' ಅನ್ನುವ ಪ್ರಶ್ನೆಯನ್ನು ನಾನು ಮೊದಲು ಕೇಳಿದ್ದು ಈ ವಾಚಿನ ಮಾತಾಗಿಯೇ. 2016ರಲ್ಲಿ ಎಚ್‌ಎಂಟಿ ವಾಚ್ ವಿಭಾಗ ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟ ಸುದ್ದಿ ಬಂದಾಗ ಅವರು ಏನೂ ಅನ್ನಲಿಲ್ಲ. ರಾತ್ರಿ ಎಂದಿನಂತೆ ಕೈಗಡಿಯಾರಕ್ಕೆ ಕೀ ಕೊಟ್ಟು ಮಲಗಿದರು.

ಭಾನುವಾರ ಬುಲ್ ಟೆಂಪಲ್ ರಸ್ತೆಯ ರಾಮಕೃಷ್ಣ ಆಶ್ರಮ. 1911ರಲ್ಲಿ ಶಾರದಾದೇವಿಯವರು ಬಂದಾಗ ಕೂತಿದ್ದ ಬಂಡೆ ಅಲ್ಲಿದೆಯಲ್ಲ, ಅದರ ಹತ್ತಿರ ನಮ್ಮನ್ನು ಕೂರಿಸಿ 'ಸುಮ್ನೆ ಇರಿ' ಅನ್ನುತ್ತಿದ್ದರು. ನಾವು ಸುಮ್ಮನಿರುತ್ತಿದ್ದುದು ಆಮೇಲೆ ಸಿಗುವ ಮಸಾಲೆದೋಸೆಗೆ. ಅವರಿಗೂ ಅದು ಗೊತ್ತಿತ್ತು.

ವರ್ಷಕ್ಕೊಮ್ಮೆ ರಮಣ ಮಹರ್ಷಿಗಳ ತಿರುವಣ್ಣಾಮಲೈ. ಹೊಸೂರು, ಕೃಷ್ಣಗಿರಿ ದಾಟಿ ಬಸ್ಸಿನಲ್ಲಿ ಹೋಗಿ, 14 ಕಿಲೋಮೀಟರ್ ಗಿರಿಪ್ರದಕ್ಷಿಣೆ ಮುಗಿಸಿ ಬರುತ್ತಿದ್ದರು. ರಿಟೈರ್ ಆದಮೇಲೆ ಆರು ತಿಂಗಳು ಅಲ್ಲೇ ಇದ್ದುಬಿಡಬೇಕು ಅಂತ ಬಹಳ ಆಸೆಯಿತ್ತು. ಅಷ್ಟರಲ್ಲಿ ಅಕ್ಕನ ಬಾಣಂತನ ಬಂತು, ಅಮ್ಮನ ಮಂಡಿ ಆಪರೇಷನ್ ಬಂತು. ಮನೆ ಬಿಡಬೇಕಿಲ್ಲ ಅಂತ ಮಹರ್ಷಿಗಳೇ ಸಂಸಾರಿಗಳಿಗೆ ಹೇಳಿದ್ದಾರೆ ಅಂದು ಮಗುವಿನ ತೊಟ್ಟಿಲು ತೂಗಿದರು. ಬೇಸರ ಇತ್ತಾ? ಇದ್ದರೂ ಯಾರಿಗೂ ತೋರಿಸಲಿಲ್ಲ.

ನಿನಗೆ ಹೇಳಬೇಕಾದ್ದು ಇನ್ನೂ ಬಂದಿಲ್ಲ ಕಣೋ.

ಅವರು ಅತಿ ಹೆಚ್ಚು ಸಲ ಹೇಳಿದ ಕಥೆ ಅಂದರೆ ಮಹರ್ಷಿಗಳ ತಾಯಿಯದ್ದು. 1922ರಲ್ಲಿ ಆಕೆಯ ಕೊನೆಯ ದಿನ ಮಗ ಪಕ್ಕದಲ್ಲೇ ಕೂತು ಒಂದು ಕೈ ಎದೆಯ ಮೇಲೆ, ಒಂದು ಕೈ ತಲೆಯ ಮೇಲೆ ಇಟ್ಟಿದ್ದರಂತೆ. ಉಸಿರು ನಿಲ್ಲುವವರೆಗೂ ತೆಗೆಯಲಿಲ್ಲ. ತಾಯಿಗೆ ಮುಕ್ತಿ ಸಿಕ್ಕಿತು ಅಂತ ಭಕ್ತರು ನಂಬುತ್ತಾರೆ. ಆಕೆಯ ಸಮಾಧಿಯ ಮೇಲೆ ಮಾತೃಭೂತೇಶ್ವರನ ಗುಡಿ ಇದೆ. 'ಮಗ ಅಂದರೆ ಹಾಗಿರಬೇಕು' ಅನ್ನುವಾಗ ಅಪ್ಪನ ಕಣ್ಣು ಒದ್ದೆಯಾಗುತ್ತಿತ್ತು.

ಕೊನೆಯ ರಾತ್ರಿ ಆಸ್ಪತ್ರೆಯಲ್ಲಿ ನಾನೂ ಅವರ ಎದೆಯ ಮೇಲೆ ಕೈ ಇಟ್ಟುಕೊಂಡು ಕೂತಿದ್ದೆ. ನರ್ಸ್ ನೋಡಿ ಸುಮ್ಮನೆ ಹೋದಳು. ನನ್ನ ಬಾಯಲ್ಲಿ ಯಾವ ಮಂತ್ರವೂ ಬರಲಿಲ್ಲ. ಹೋಗಬೇಡಿ, ಹೋಗಬೇಡಿ, ಅಷ್ಟೇ.

ವೈಕುಂಠ ಸಮಾರಾಧನೆಯ ದಿನ ಪುರೋಹಿತರು 'ಪುಣ್ಯಾತ್ಮರು, ಅವರಿಗೆ ಇನ್ನು ಜನ್ಮವಿಲ್ಲ' ಅಂದರು. ಎಲ್ಲರೂ ಕೈ ಮುಗಿದರು. ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಜನ್ಮವಿಲ್ಲ ಅಂದರೆ ಇನ್ನು ಯಾವ ಕಾಲಕ್ಕೂ, ಎಲ್ಲಿಯೂ ಇಲ್ಲ ಅಂತ ಅಲ್ವಾ? ಕೈ ಮುಗಿದುಕೊಂಡೇ ಬೇಡಿಕೊಂಡೆ, ಅವರಿಗೆ ಮುಕ್ತಿ ಸಿಗದೇ ಇರಲಿ ಅಂತ. ಅವರು ಜೀವನವಿಡೀ ಕೇಳಿದ್ದು ಅದೊಂದನ್ನೇ. ಮಗ ಅದು ಬೇಡ ಅಂದ. ಪುನರ್ಜನ್ಮದ ಬಗ್ಗೆ ಒಂದು ದಿನವೂ ತಲೆ ಕೆಡಿಸಿಕೊಂಡವನಲ್ಲ ನಾನು. ಆದರೂ ಅವತ್ತು ಅನ್ನಿಸಿತು, ಎಲ್ಲೋ ಯಾರದ್ದೋ ಮನೆಯಲ್ಲಿ ಮಗುವಾಗಿ ಇರಲಿ, ನನಗೆ ಗುರುತು ಸಿಗದಿದ್ದರೂ ಪರವಾಗಿಲ್ಲ, ಇದ್ದರೆ ಸಾಕು. ಇವತ್ತಿಗೂ ಹಾಗೇ ಅನ್ನಿಸುತ್ತದೆ. ಅಮ್ಮನಿಗೆ ಇದನ್ನು ಹೇಳಿಲ್ಲ. ಇಲ್ಲಿ ಓದಿದರೆ ಓದಲಿ.

ಕೊನೆಯ ನೋಟ್‌ಬುಕ್ಕಿನಲ್ಲಿ ಒಂದು ಸಾಲಿದೆ: 'ಕೂತೆ. ಚೆನ್ನಾಗಿ ನಿಂತಿತು. ಪುಟ್ಟಿ ಬಂದು ತೊಡೆಯ ಮೇಲೆ ಕೂತಳು. ಎದ್ದೆ.'

ಅವರಾಗೇ ಎದ್ದಿದ್ದಾರೆ ನೋಡು. ಆ ಸಾಲನ್ನು ಎಷ್ಟು ಸಲ ಓದಿದರೂ ಸಾಲದು.

ಇಷ್ಟೆಲ್ಲ ಬರೆಯುವ ಯೋಚನೆ ಇರಲಿಲ್ಲ, ಬಿಡು. ನೀನು ಬರುವುದು ಯಾವಾಗ? ಅಪ್ಪನ ಕೋಹಿನೂರ್ ವಾಚು ನಿನಗೇ ಸೇರಬೇಕು ಅಂತ ಅಮ್ಮ ಪಕ್ಕಕ್ಕೆ ತೆಗೆದಿಟ್ಟಿದ್ದಾರೆ. ಹತ್ತು ನಿಮಿಷ ಮುಂದೆ ಓಡುತ್ತದೆ. ಯಾಕೆ ಅಂತ ನಿನಗೆ ಗೊತ್ತು, ಸರಿ ಮಾಡಿಸಬೇಡ. ಪುಟ್ಟಿಗೆ ಈಗ ಮುಂದಿನ ಎರಡು ಹಲ್ಲಿಲ್ಲ, ಅವಳು 'ಸೂಪರ್‌ವೈಸರ್' ಅನ್ನುವುದನ್ನು ನೀನು ಕೇಳಲೇಬೇಕು. ಗಾಂಧಿ ಬಜಾರಿಗೂ ಹೋಗೋಣ. ಶುಕ್ರವಾರ ಮಾತ್ರ ಬರಬೇಡ, ದೋಸೆಯ ವಿದ್ಯಾರ್ಥಿ ಭವನ ಹೋಟೆಲಿಗೆ ಅವತ್ತು ರಜೆ.