ನಕ್ಷತ್ರ ಕಾಣುವ ಮಾಡು: ಮಗಳಿಗೊಂದು ಪತ್ರ

ಜೆರುಸಲೇಮ್
ಶನಿವಾರ ರಾತ್ರಿ

ಪ್ರೀತಿಯ ಪುಟ್ಟಿ,

ನಿನ್ನ ವಾಯ್ಸ್ ಮೆಸೇಜು ಮೂರು ಸಲ ಕೇಳಿದೆ. ಸ್ಲ್ಯಾಬ್ ಕೆಲಸ ಮತ್ತೆ ನಿಂತಿದೆ, ಅಡ್ವಾನ್ಸ್ ತೆಗೆದುಕೊಂಡ ಮೇಸ್ತ್ರಿ ಫೋನ್ ಎತ್ತುತ್ತಿಲ್ಲ, ಅಜ್ಜಿ ಬೆಳಗಾದರೆ ಗೊಣಗುತ್ತಾರೆ. ಎಲ್ಲ ಗೊತ್ತಾಯಿತು. ಕೊನೆಗೆ ಸಿಟ್ಟಿನಲ್ಲಿ ಒಂದು ಮಾತು ಹೇಳಿದೆಯಲ್ಲ, "ಇಲ್ಲಿ ನಮ್ಮ ಮನೆಗೆ ಮಾಡು ಇಲ್ಲ, ನೀನು ಅಲ್ಲಿ ಗುಡಿಸಲಿನ ಫೋಟೋ ಕಳಿಸ್ತೀಯ. ಅಷ್ಟು ಗಟ್ಟಿ ಮನೆ ಇಟ್ಕೊಂಡು ಅವರಿಗೆ ಬಾಲ್ಕನಿಯಲ್ಲಿ ಗುಡಿಸಲು ಯಾಕಂತೆ?" ಅಂತ. ಅದಕ್ಕೆ ವಾಟ್ಸಾಪಿನಲ್ಲಿ ಎರಡು ಮಾತು ಹೇಳಿ ಮುಗಿಸಲು ನನಗೆ ಬರಲಿಲ್ಲ. ಅದಕ್ಕೇ ಕಾಗದ.

ಇಲ್ಲಿ ನಾನು ನೋಡಿಕೊಳ್ಳುವ ಸಾವ್ತಾ ಮಲಗಿದ್ದಾರೆ. (ಹೀಬ್ರೂವಿನಲ್ಲಿ ಅಜ್ಜಿಗೆ ಸಾವ್ತಾ ಅನ್ನುತ್ತಾರೆ. ಮೊಮ್ಮಕ್ಕಳು ಕರೆಯುವುದನ್ನು ಕೇಳಿ ಕೇಳಿ ನನಗೂ ಅದೇ ರೂಢಿ.) ಶಬ್ಬಾತ್, ಅಂದರೆ ಯಹೂದಿಗಳ ವಾರದ ವಿಶ್ರಾಂತಿ ದಿನ, ಈಗಷ್ಟೇ ಮುಗಿಯಿತು. ಶಬ್ಬಾತಿನ ದಿನ ಬರೆಯುವುದೂ ಇವರ ಲೆಕ್ಕದಲ್ಲಿ ಕೆಲಸ, ಮಾಡುವ ಹಾಗಿಲ್ಲ. ನನಗೇನೂ ಆ ಕಟ್ಟುಪಾಡು ಇಲ್ಲ. ಆದರೂ ಅವರ ಕಣ್ಣೆದುರು ಪೆನ್ನು ಹಿಡಿಯಲು ಕೈ ಬರುವುದಿಲ್ಲ.

ಆ ಗುಡಿಸಲು ಕಟ್ಟುವ ಹಬ್ಬದ ಹೆಸರು ಸುಕ್ಕೋತ್. ಅದರ ಕಥೆ ಐದು ದಿನ ಮೊದಲೇ, ಯೋಮ್ ಕಿಪ್ಪುರ್ ಅನ್ನುವ ಪ್ರಾಯಶ್ಚಿತ್ತದ ದಿನದ ಉಪವಾಸದಿಂದ ಶುರುವಾಗುತ್ತದೆ. 25 ಗಂಟೆ, ಒಂದು ತೊಟ್ಟು ನೀರೂ ಇಲ್ಲ. ರಸ್ತೆಯಲ್ಲಿ ಒಂದು ಕಾರು ಓಡುವುದಿಲ್ಲ, ಮಕ್ಕಳು ನಡುರಸ್ತೆಯಲ್ಲಿ ಸೈಕಲ್ ಬಿಡುತ್ತಾರೆ. ಉಪವಾಸದ ಹಿಂದಿನ ದಿನ ಸಾವ್ತಾ ನನ್ನನ್ನು ಹತ್ತಿರ ಕೂರಿಸಿಕೊಂಡು ಕ್ಷಮೆ ಕೇಳಿದರು. ಯಾವತ್ತೋ ಸೂಪಿನ ಬಟ್ಟಲನ್ನು ಕೈಯಿಂದ ತಳ್ಳಿದ್ದರಂತೆ, ನನ್ನ ಸೀರೆಗೆ ಬಿತ್ತಂತೆ. ನನಗೆ ಮರೆತೇ ಹೋಗಿತ್ತು. ದೇವರಿಗೆ ಮಾಡಿದ ತಪ್ಪನ್ನು ಆ ದಿನ ದೇವರು ಕ್ಷಮಿಸುತ್ತಾನೆ, ಆದರೆ ಮನುಷ್ಯರಿಗೆ ಮಾಡಿದ್ದನ್ನು ಆ ಮನುಷ್ಯರನ್ನೇ ಸಮಾಧಾನ ಮಾಡಿ ಸರಿ ಮಾಡಿಕೊಳ್ಳಬೇಕು ಅಂತ ಇವರ ಶಾಸ್ತ್ರ. ದೇವರ ಹತ್ತಿರ ಹೋಗಿ ಅಡ್ಡದಾರಿಯಲ್ಲಿ ಮುಗಿಸಿಕೊಳ್ಳುವ ಹಾಗಿಲ್ಲ. ಸೀರೆಯ ಕಲೆ ಹೋಯಿತಾ ಅಂತಲೂ ಕೇಳಿದರು. ಹೋಗಿಲ್ಲ, ಹೋಯಿತು ಅಂದೆ.

ಮರುದಿನ ಕತ್ತಲಾಗಿ ಉಪವಾಸ ಬಿಟ್ಟು ಒಂದು ತುತ್ತು ಬಾಯಿಗೆ ಹಾಕಿದ್ದಾರೋ ಇಲ್ಲವೋ, ಎದುರು ಬಿಲ್ಡಿಂಗಿನಿಂದ ಸುತ್ತಿಗೆ ಸದ್ದು. ಆಮೇಲೆ ಕೆಳಗಿನಿಂದ, ಪಕ್ಕದಿಂದ. ಅದೇ ರಾತ್ರಿ ಸುಕ್ಕಾ, ಅಂದರೆ ಆ ಗುಡಿಸಲು, ಕಟ್ಟಲು ಕೈ ಹಾಕುವುದು ಇಲ್ಲಿನ ವಾಡಿಕೆ. ಮೊದಲ ವರ್ಷ ನನಗೆ ಏನೋ ಗಲಾಟೆ ಅನ್ನಿಸಿ ಹೆದರಿಕೆಯಾಗಿತ್ತು.

ನಮ್ಮ ಮನೆಯ ಸುಕ್ಕಾ ಕಟ್ಟಿದ್ದು ಸಾವ್ತಾನ ಮೊಮ್ಮಗ. ಕಬ್ಬಿಣದ ಪೈಪು, ಬಟ್ಟೆಯ ಗೋಡೆ. ಮೇಲೆ ಹಾಸಲು ಖರ್ಜೂರದ ಗರಿ ತಂದ. ಹಾಸಿದ ರೀತಿ ನೋಡಿ ನನಗೆ ತಡೆಯಲಾಗಲಿಲ್ಲ. ಒಂದು ಗರಿ ಇತ್ತ, ಒಂದು ಅತ್ತ, ನಡುವೆ ಕೈ ತೂರುವಷ್ಟು ಸಂದು. ಮಡಲು ಹೆಣೆಯುವುದರಲ್ಲಿ ನಿನ್ನ ಅಮ್ಮನನ್ನು ಮೀರಿಸುವವರು ಊರಲ್ಲಿ ಯಾರಿದ್ದಾರೆ? ನಿನ್ನ ಚಿಕ್ಕಮ್ಮನ ಮದುವೆ ಚಪ್ಪರದಲ್ಲಿ ಅರ್ಧ ನನ್ನದೇ ಕೈ. "ಬಿಡು ಮಗಾ, ನಾನು ಹೆಣೆದು ಕೊಡ್ತೇನೆ, ಒಂದು ಹನಿ ಒಳಗೆ ಬೀಳಲ್ಲ" ಅಂತ ನನ್ನ ಹರಕು ಹೀಬ್ರೂವಿನಲ್ಲಿ ಹೇಳಿದೆ. ಅವನು ಏಣಿಯ ಮೇಲೆ ನಿಂತೇ ನಗಲು ಶುರು ಮಾಡಿದ. ಬೀಳಬೇಕಂತೆ! ಮಳೆ ಬಂದರೆ ಒಳಗೆ ಹನಿಯಬೇಕು, ರಾತ್ರಿ ಕತ್ತೆತ್ತಿದರೆ ನಕ್ಷತ್ರ ಕಾಣಬೇಕು, ಹಾಗಿದ್ದರೆ ಒಳ್ಳೆಯ ಸುಕ್ಕಾ.

ಅದಕ್ಕೆ ನಿಯಮಗಳು ಬೇಕಾದಷ್ಟಿವೆ. ಮಾಡಿಗೆ ಹಾಕುವುದು ಭೂಮಿಯಲ್ಲಿ ಬೆಳೆದು, ಬೇರಿನಿಂದ ಕಡಿದದ್ದೇ ಆಗಬೇಕು. ತಗಡು, ಪ್ಲಾಸ್ಟಿಕ್ ಆಗದು. ಒಳಗೆ ಬಿಸಿಲಿಗಿಂತ ನೆರಳು ಜಾಸ್ತಿ ಇರಬೇಕು. ಮರದ ಅಡಿ ಆಗದು, ಇನ್ನೊಂದು ಮಾಡಿನ ಅಡಿಯೂ ಆಗದು. ಅದಕ್ಕೇ ಜೆರುಸಲೇಮಿನ ಎಷ್ಟೋ ಬಿಲ್ಡಿಂಗುಗಳಲ್ಲಿ ಬಾಲ್ಕನಿಗಳು ಒಂದರ ಮೇಲೊಂದು ನೇರ ಬರುವುದಿಲ್ಲ, ಮೆಟ್ಟಿಲಿನ ಹಾಗೆ ಸರಿದು ಸರಿದು ಇರುತ್ತವೆ. ಪ್ರತಿ ಮನೆಗೂ ಒಂದು ತುಂಡು ಆಕಾಶ ಸಿಗಬೇಕು ಅಂತ. ವರ್ಷದಲ್ಲಿ ಏಳು ದಿನದ ಗುಡಿಸಲಿಗಾಗಿ ಕಾಂಕ್ರೀಟಿನ ಪ್ಲಾನನ್ನೇ ಬದಲು ಮಾಡಿದ್ದಾರೆ. ಮಾವನಿಗೆ ಹೇಳು, ಅವನು ನಂಬಲಿಕ್ಕಿಲ್ಲ.

ಈಗ ನಿನ್ನ ಪ್ರಶ್ನೆ, ಯಾಕೆ ಅಂತ. ಈಜಿಪ್ಟಿನ ಗುಲಾಮಗಿರಿಯಿಂದ ಬಿಡಿಸಿಕೊಂಡು ಬಂದ ಮೇಲೆ ಇವರ ಹಿರಿಯರು 40 ವರ್ಷ ಮರುಭೂಮಿಯಲ್ಲಿ ಅಲೆದರು. ಆಗ ನಿಮ್ಮನ್ನು ಗುಡಾರಗಳಲ್ಲಿ ಇರಿಸಿದ್ದೆ, ಅದು ಮುಂದಿನ ಪೀಳಿಗೆಗೂ ಗೊತ್ತಿರಲಿ ಅಂತ ದೇವರೇ ಹೇಳಿದ್ದಾಗಿ ಇವರ ಧರ್ಮಗ್ರಂಥ ತೋರಾದಲ್ಲಿ ಇದೆ. ಇದರ ಮೇಲೆ ಇಬ್ಬರು ಗುರುಗಳಿಗೆ ಜಗಳ. ಅದು ನಿಜವಾದ ಗುಡಾರ ಅಲ್ಲ, ಜನರನ್ನು ಸುತ್ತಿ ಕಾಪಾಡಿದ ದೇವರ ಮಹಿಮೆಯ ಮೋಡ ಅಂತ ರಬ್ಬಿ ಎಲಿಯೆಜರ್. ಮೋಡಗೀಡ ಏನಿಲ್ಲ, ಸಾಕ್ಷಾತ್ ಗುಡಿಸಲೇ ಅಂತ ರಬ್ಬಿ ಅಕೀವಾ. ಇಬ್ಬರ ಮಾತನ್ನೂ ಬರೆದಿಟ್ಟಿದ್ದಾರೆ. ನಾನು ಅಕೀವಾ ಪಕ್ಷ. ಮೋಡದಲ್ಲಿ ಇದ್ದವರಿಗೆ ನೆನಪಿಡಲು ಏನು ಕಷ್ಟ? ಸೋರುವ ಗುಡಿಸಲಿನಲ್ಲಿ ಮಕ್ಕಳನ್ನು ಮಲಗಿಸಿ, ನಾಳೆ ಎಲ್ಲಿಗೋ ಗೊತ್ತಿಲ್ಲದೆ 40 ವರ್ಷ ಕಳೆದದ್ದನ್ನು ನೆನಪಿಡುವುದೇ ದೊಡ್ಡದು.

ಇನ್ನೊಂದು ವಿಷಯ ನನಗೆ ಜಾಸ್ತಿ ಹಿಡಿಸಿತು. ಇದು ಸುಗ್ಗಿಯ ಹಬ್ಬ. ಬೆಳೆ ಮನೆಗೆ ಬಂದು, ಕಣಜ ತುಂಬಿ, ಇನ್ನು ಬೆಚ್ಚಗೆ ಒಳಗೆ ಕೂರೋಣ ಅನ್ನಿಸುವ ಹೊತ್ತು. ಆಗಲೇ ಹೊರಗೆ ಹೋಗಿ ಅನ್ನುತ್ತಾರೆ. 12ನೇ ಶತಮಾನದಲ್ಲಿ ರಶ್ಬಾಮ್ ಅನ್ನುವ ಪಂಡಿತರು ಇದಕ್ಕೆ ಅರ್ಥ ಬರೆದಿದ್ದಾರೆ. ತುಂಬಿದ ಮನೆಯಲ್ಲಿ ಕೂತವನಿಗೆ ಇದೆಲ್ಲ ನನ್ನ ಕೈಯ ಬಲದಿಂದಲೇ ಬಂತು ಅನ್ನಿಸಿಬಿಡುತ್ತದೆ, ಅದಕ್ಕೇ ಅವನನ್ನು ಆ ಹೊತ್ತಿಗೆ ಮನೆಯಿಂದ ಹೊರಗೆ ತರುವುದು ಅಂತ. ಮತ್ತೆ ಇದು ಅಳುವ ಹಬ್ಬವೂ ಅಲ್ಲ ಪುಟ್ಟಿ. ಇವರ ಪ್ರಾರ್ಥನೆಯಲ್ಲಿ ಈ ಹಬ್ಬವನ್ನೇ 'ನಮ್ಮ ಸಂತೋಷದ ಕಾಲ' ಅಂತ ಕರೆಯುವುದು. ಗೋಡೆ ಅಲ್ಲಾಡುವ ಮನೆಯಲ್ಲಿ ಕೂತು ಹಾಡುತ್ತಾರೆ. ಪಕ್ಕದ ಬಾಲ್ಕನಿಯವರು ಬೇರೆ ಹಾಡು, ಕೆಳಗಿನವರು ಇನ್ನೊಂದು. ನಡುವೆ ಬಟ್ಟೆ ಮಾತ್ರ.

ಎತ್ರೋಗ್ ಅನ್ನುವ ಹಣ್ಣಿನ ವಿಷಯವೂ ಬರೆಯಬೇಕು. ಅದು ನಮ್ಮ ಮಾದಲ ಹಣ್ಣಿನ ಜಾತಿಯೇ. ಅದರ ಜೊತೆ ಖರ್ಜೂರದ ಬಿಚ್ಚದ ಸುಳಿ, ಇನ್ನೆರಡು ಗಿಡಗಳ ಕಡ್ಡಿ ಹಿಡಿದು ಪ್ರಾರ್ಥನೆ ಮಾಡುತ್ತಾರೆ. ಹಣ್ಣಿಗೆ ರುಚಿಯೂ ಇದೆ, ಪರಿಮಳವೂ ಇದೆ. ಖರ್ಜೂರಕ್ಕೆ ರುಚಿ ಮಾತ್ರ, ಹದಸ್ ಅನ್ನುವ ಗಿಡಕ್ಕೆ ಪರಿಮಳ ಮಾತ್ರ. ಅರಾವಾ ಅಂದರೆ ನೀರಿನ ಬದಿಯಲ್ಲಿ ಬೆಳೆಯುವ ಗಿಡ, ಅದಕ್ಕೆ ಎರಡೂ ಇಲ್ಲ. ಓದು, ಒಳ್ಳೆಯ ಕೆಲಸ ಎರಡೂ ಇರುವವರು, ಒಂದೇ ಇರುವವರು, ಏನೂ ಇಲ್ಲದವರು ಅಂತ ಅರ್ಥ ಹೇಳುತ್ತಾರೆ. ಆದರೆ ಆ ಏನೂ ಇಲ್ಲದ ಕಡ್ಡಿ ಬಿಟ್ಟರೆ ಪೂಜೆ ಆಗುವುದೇ ಇಲ್ಲ. ಹಣ್ಣು ಕೊಳ್ಳುವಾಗ ನೋಡಬೇಕು, ಕೆಲವರು ಭೂತಗನ್ನಡಿ ಹಿಡಿದು ಒಂದು ಚುಕ್ಕೆ ಇದೆಯಾ ಅಂತ ಹುಡುಕುತ್ತಾರೆ. ನಮ್ಮ ಅಜ್ಜಿ ಬದನೆ ಆರಿಸುವಾಗಲೂ ಅಷ್ಟು ಸತಾಯಿಸುವುದಿಲ್ಲ.

ಇವತ್ತು ಬೆಳಿಗ್ಗೆ ಮೊಮ್ಮಗ ಸಾವ್ತಾನ ಹಾಸಿಗೆ ಪಕ್ಕ ಕೂತು ಕೊಹೆಲೆತ್ ಓದಿದ. ಸುಕ್ಕೋತಿನ ನಡುವೆ ಬರುವ ಶಬ್ಬಾತಿನಲ್ಲಿ ಓದುವ ಪುಸ್ತಕ ಅದು. ಕನ್ನಡ ಬೈಬಲಿನಲ್ಲಿ ಪ್ರಸಂಗಿ ಅಂತ ಇದೆ. ಅದರ ಮೊದಲಿಗೇ 'ವ್ಯರ್ಥವೇ ವ್ಯರ್ಥ' ಅಂತ ಬರುತ್ತದೆ. ಸಂತೋಷದ ಹಬ್ಬದಲ್ಲಿ ಇದೆಂಥ ಅಪಶಕುನ ಅಂತ ನನಗೂ ಅನ್ನಿಸಿತ್ತು. ಆದರೆ ಹೀಬ್ರೂವಿನಲ್ಲಿ ಆ ಶಬ್ದ 'ಹೆವೆಲ್'. ಹೆವೆಲ್ ಅಂದರೆ ಉಸಿರು, ಹಬೆ. ಹಬೆ ಅಂದೆ ನೋಡು, ಕಿವಿಗೆ ಎಷ್ಟು ಹತ್ತಿರ! ಸಂಬಂಧ ಏನೂ ಇರಲಿಕ್ಕಿಲ್ಲ, ಆದರೂ ನನಗೆ ಆ ಮಾತು ಅಲ್ಲೇ ಅರ್ಥ ಆಯಿತು. ಅನ್ನದ ಪಾತ್ರೆಯ ಮುಚ್ಚಳ ತೆಗೆದಾಗ ಬರುವ ಹಬೆ ವ್ಯರ್ಥ ಅಲ್ವಲ್ಲ. ಅದು ಇದೆ, ಮುಖಕ್ಕೆ ತಾಗುತ್ತದೆ, ಹಿಡಿಯಲು ಹೋದರೆ ಇಲ್ಲ. ಅಷ್ಟೇ.

ನೀನು ಕಳಿಸಿದ ಫೋಟೋದಲ್ಲಿ ಗೋಡೆ ಎದ್ದಿದೆ, ಮೇಲೆ ಖಾಲಿ. ನನ್ನ ನಾಲ್ಕು ವರ್ಷದ ಸಂಬಳ ಆ ಗೋಡೆಯಲ್ಲಿದೆ. ಹೊಟ್ಟೆ ಉರಿಯುವುದಿಲ್ಲ ಅಂತ ಸುಳ್ಳು ಹೇಳಲ್ಲ. ನಿನ್ನೆ ರಾತ್ರಿ ಸುಕ್ಕಾದ ಸಂದಿಯಲ್ಲಿ ಚಂದ್ರನನ್ನು ನೋಡುತ್ತಾ ಆ ಮೇಸ್ತ್ರಿಗೆ ಮನಸ್ಸಿನಲ್ಲೇ ಸಾಕಷ್ಟು ಬೈದಿದ್ದೇನೆ.

ಸಾವ್ತಾಗೆ ಈ ವರ್ಷ ಕೂರುವುದೇ ಕಷ್ಟ. ಹಬ್ಬದ ಮೊದಲ ರಾತ್ರಿ ಸುಕ್ಕಾಕ್ಕೆ ಹೋಗಲೇಬೇಕು ಅಂತ ಹಟ ಹಿಡಿದರು. ಆಗ ಮೊಮ್ಮಗ ಮಿಶ್ನಾ ತಂದು ಓದಿ ತೋರಿಸಿದ. ಅದು ಸುಮಾರು 1800 ವರ್ಷ ಹಳೆಯ ನಿಯಮಗಳ ಪುಸ್ತಕ. ಕಾಯಿಲೆಯವರಿಗೂ ಅವರ ಸೇವೆ ಮಾಡುವವರಿಗೂ ಸುಕ್ಕಾದ ನಿಯಮ ಇಲ್ಲ ಅಂತ ಅದರಲ್ಲಿದೆ. ಎರಡನೆಯ ಮಾತು ಓದುವಾಗ ಅವನು ಬೆರಳನ್ನು ನನ್ನ ಕಡೆ ತೋರಿಸಿದ. ನಾನು ಇವರವಳೇ ಅಲ್ಲ, ನಿಯಮವೂ ಇಲ್ಲ, ವಿನಾಯಿತಿಯೂ ಬೇಡ. ಆದರೆ ಪುಟ್ಟಿ, ಶಾಸ್ತ್ರ ಬರೆಯಲು ಕೂತವರು ಯಾರೋ ಹಾಸಿಗೆಯಲ್ಲಿ ಮಲಗಿದವರನ್ನು ಮಾತ್ರ ಅಲ್ಲ, ಪಕ್ಕದಲ್ಲಿ ಬೇಸಿನ್ ಹಿಡಿದು ನಿಂತವಳನ್ನೂ ನೋಡಿದ್ದಾರೆ. ನಾನು ಅಡುಗೆಮನೆಗೆ ಹೋಗಿ ಸುಮ್ನೆ ನಲ್ಲಿ ಬಿಟ್ಟು ನಿಂತೆ.

ಸಾವ್ತಾ ಮಾತ್ರ ಕೇಳಲಿಲ್ಲ. ವೀಲ್‌ಚೇರಿನಲ್ಲಿ ಬಾಲ್ಕನಿಯ ಹೊಸ್ತಿಲು ದಾಟಿಸಲು ಇಬ್ಬರು ಬೇಕಾಯಿತು. ಒಂದು ತುಂಡು ಬ್ರೆಡ್ಡು ತಿಂದರು. ಕತ್ತೆತ್ತಲು ಆಗದು ಅಂತ ನಾನು ಹಿಂದಿನಿಂದ ತಲೆಗೆ ಕೈ ಕೊಟ್ಟೆ. "ಕಾಣ್ತಾ?" ಅಂದೆ. ನಕ್ಷತ್ರ ಒಂದೂ ಇರಲಿಲ್ಲ, ಹುಣ್ಣಿಮೆಯ ಬೆಳಕಲ್ಲವಾ. "ಕಾಣ್ತು" ಅಂದರು. ಐದೇ ನಿಮಿಷ, ಒಳಗೆ ಕರೆತಂದೆವು.

ಹಬ್ಬ ಮುಗಿಯುವ ದಿನ ಇವರು ಪ್ರಾರ್ಥನೆಯಲ್ಲಿ ಮಳೆಯ ಹೆಸರು ಎತ್ತುತ್ತಾರೆ. ಅಲ್ಲಿಯವರೆಗೆ ಎತ್ತುವುದಿಲ್ಲ, ಸುಕ್ಕಾದಲ್ಲಿ ಕೂತವರು ನೆನೆಯಬಾರದಲ್ಲ. ಮಳೆ ಕೊಡು ಅಂತ ಬಾಯಿಬಿಟ್ಟು ಕೇಳಲು ಇನ್ನೂ 15 ದಿನ ಕಾಯುತ್ತಾರೆ. ಹಿಂದೆ ದೂರದ ಬಾಬಿಲೋನಿನಿಂದ ಹಬ್ಬಕ್ಕೆ ಜೆರುಸಲೇಮಿಗೆ ಬಂದವರು ನಡೆದೇ ವಾಪಸು ಹೋಗಬೇಕಿತ್ತು. ಅವರಲ್ಲಿ ಕೊನೆಯವನು ಯೂಫ್ರೆಟಿಸ್ ನದಿ ಮುಟ್ಟಲಿ, ಆಮೇಲೆ ಮಳೆ ಬರಲಿ ಅಂತ. ಇಲ್ಲಿನ ದೇವಾಲಯ ಬಿದ್ದದ್ದು 70ನೇ ಇಸವಿಯಲ್ಲಿ. ಹಾಗೆ ಯಾತ್ರೆಗೆ ಬಂದು ಹೋಗುವವರು ಈಗ ಯಾರೂ ಇಲ್ಲ. ಆದರೂ ಕಾಯುತ್ತಾರೆ.

ನನ್ನ ರಜೆ ಡಿಸೆಂಬರಿನಲ್ಲಿ, ಟಿಕೆಟು ಆಗಿದೆ. ಹಿಂಗಾರು ಮುಗಿಯುವವರೆಗೆ ಸ್ಲ್ಯಾಬಿನ ಮಾತು ಬೇಡ ಅಂತ ಮಾವನಿಗೆ ಹೇಳು, ಬೇರೆ ಮೇಸ್ತ್ರಿಯನ್ನು ನಾನು ಬಂದ ಮೇಲೆ ನೋಡೋಣ. ಸಿಮೆಂಟಿನ ಚೀಲ ನೆಲದಿಂದ ಎತ್ತಿ ಹಲಗೆಯ ಮೇಲೆ ಇಡಿಸು.

ಇನ್ನೊಂದು. ಹಬ್ಬ ಮುಗಿದ ಮೇಲೆ ಈ ಎತ್ರೋಗನ್ನು ಇಲ್ಲಿ ಸಕ್ಕರೆ ಹಾಕಿ ಜಾಮ್ ಮಾಡುತ್ತಾರೆ. ನಾನು ಉಪ್ಪಿನಕಾಯಿ ಹಾಕಿ ತೋರಿಸ್ತೇನೆ ಅಂದಿದ್ದೇನೆ. ಅಜ್ಜಿಯ ಹತ್ತಿರ ಮಾದಲದ ಉಪ್ಪಿನಕಾಯಿಯ ಅಳತೆ ಕೇಳಿ ಕಳಿಸು. ಉಪ್ಪು ಎಷ್ಟು ದಿನ ಹಿಡಿಸಬೇಕು ಅಂತ ಮರೆಯದೆ ಕೇಳು.

ನಿನ್ನ
ಅಮ್ಮ