ಎರಡು ಪಟ್ಟು ಓಡುವ ಅಪ್ಪ

ಪ್ರೀತಿಯ ಛತ್ರಿ,

ಇದನ್ನು ನಿನಗೊಬ್ಬನಿಗೇ ವಾಟ್ಸಾಪ್ ಮಾಡಬಹುದಿತ್ತು. ಮಾಡಿದರೆ ಎರಡು ನೀಲಿ ಗೆರೆ ತೋರಿಸಿ ಮಲಗುತ್ತೀಯ. ನಾಲ್ಕು ಜನರ ಎದುರು ಹಾಕಿದರೆ ಮರ್ಯಾದೆಗಾದರೂ ಉತ್ತರ ಬರೆಯುತ್ತೀಯ ಅಂತ ಇಲ್ಲಿ ಹಾಕುತ್ತಿದ್ದೇನೆ. ಓದುತ್ತಿರುವ ಉಳಿದವರಿಗೂ ನಮಸ್ಕಾರ. ಹಲಸಿನ ಹಣ್ಣಿನ ವಿಷಯ ಎತ್ತುವುದಿಲ್ಲ, ಹೆದರಬೇಡ.

ಮಡಿಕೇರಿ ಹಾಗೇ ಇದೆ. ರಾಜಾಸೀಟ್‌ನಲ್ಲಿ ಸಂಜೆ ಹೊತ್ತು ಬೆಟ್ಟ ನೋಡುವವರಿಗಿಂತ ಬೆಟ್ಟಕ್ಕೆ ಬೆನ್ನು ಹಾಕಿ ಫೋನ್ ನೋಡುವವರೇ ಜಾಸ್ತಿ. ನಗಬೇಡ, ನಾನೂ ನಿಂತಿದ್ದೇನೆ. ಮೊನ್ನೆ ಹಾಕಿದ ಕಾಫಿ ಹೂವಿನ ರೀಲ್ ನೋಡಿದೆಯಲ್ಲ? 11 ಸೆಕೆಂಡ್. ಅದಕ್ಕೆ ಇಡೀ ಭಾನುವಾರ ಹೋಗಿದೆ. ನೀನು ಒಂದು ಹಾರ್ಟ್ ಒತ್ತಿ ಮುಂದೆ ಹೋದೆ, ದ್ರೋಹಿ.

ಅಪ್ಪನ ವಾಯ್ಸ್ ಮೆಸೇಜ್ ಬಗ್ಗೆ ಹೇಳಬೇಕು. ಅವರಿಗೆ ಟೈಪ್ ಮಾಡಲು ಬೇಜಾರು. ನಾಪೋಕ್ಲು ಕಡೆ ನಮ್ಮನೆಯಲ್ಲಿ ನೆಟ್‌ವರ್ಕ್ ಎಲ್ಲಿ ಸಿಗುತ್ತದೆ ಅಂತ ನಿನಗೆ ಗೊತ್ತು, ಕೊಟ್ಟಿಗೆ ಹಿಂದಿನ ಬಂಡೆ. 2020ರಲ್ಲಿ ನಾವಿಬ್ಬರೂ ಅದರ ಮೇಲೆ ಕೂತು ಆನ್‌ಲೈನ್ ಕ್ಲಾಸ್ ಕೇಳಿದ್ದೆವು. ಟಿಕ್‌ಟಾಕ್ ನಿಂತು, ಮರು ತಿಂಗಳೇ ರೀಲ್ಸ್ ಬಂದ ಮಳೆಗಾಲ ಅದು. ಮೇಷ್ಟ್ರ ವಿಡಿಯೋ ಸುಮ್ನೆ ಸುತ್ತುತ್ತಲೇ ಇರುತ್ತಿತ್ತು, ರೀಲ್ ಮಾತ್ರ ಹೇಗೋ ಓಡುತ್ತಿತ್ತು. ಯಾರು ಏನು ಹಿಡಿದಿದ್ದರು ಅಂತ ಇಲ್ಲಿ ಹೇಳುವುದಿಲ್ಲ.

ಈಗ ಅಪ್ಪ ಅದೇ ಬಂಡೆ ಹತ್ತುತ್ತಾರೆ. ಮೊದಲು ‘ಹಲೋ, ಹಲೋ’. ಉತ್ತರ ಬರುತ್ತದೇನೋ ಅಂತ ಸ್ವಲ್ಪ ಕಾಯುತ್ತಾರೆ. ಆಮೇಲೆ ಮಳೆ ಲೆಕ್ಕ. ‘ನಿನ್ನೆ 1 ಇಂಚು 20 ಸೆಂಟ್ ಬಿತ್ತು ಮಗ.’ (ಉಳಿದ ಓದುಗರಿಗೆ: ಮಳೆ ಲೆಕ್ಕದಲ್ಲಿ ಸೆಂಟ್ ಅಂದರೆ ಇಂಚಿನ ನೂರನೇ ಒಂದು ಪಾಲು.) ಕೆಳಗಿನ ತೋಟದವರಿಗೆ 80 ಸೆಂಟೇ ಅಂತೆ. ಅದನ್ನು ಹೇಳುವಾಗ ದನಿಯಲ್ಲಿ ಒಂದು ಚೂರು ಖುಷಿ. ಬೆಂಗಳೂರಿಗೆ ಹೋಗಿ ನೀನು ಮರೆತಿರಬಹುದು, ಫೆಬ್ರವರಿ, ಮಾರ್ಚ್‌ನಲ್ಲಿ ಹೂಮಳೆ ಸರಿಯಾಗಿ ಬಿದ್ದರೆ ಒಂದು ವಾರ, ಹತ್ತು ದಿನದಲ್ಲಿ ರೊಬಸ್ಟಾ ತೋಟವೆಲ್ಲ ಬೆಳ್ಳಗೆ, ಊರೆಲ್ಲ ಮಲ್ಲಿಗೆ ಪರಿಮಳ. ಅದಾಗಿ ಎರಡು ಮೂರು ವಾರಕ್ಕೆ ಇನ್ನೊಂದು ಮಳೆ ಬರಬೇಕು. ಅದು ಬರುವ ತನಕ ಅಪ್ಪನಿಗೆ ನಿದ್ದೆ ಇಲ್ಲ.

ಇದನ್ನೆಲ್ಲ ನಾನು ಎರಡು ಪಟ್ಟು ವೇಗದಲ್ಲಿ ಕೇಳುತ್ತಿದ್ದೆ. ಆ ವೇಗದಲ್ಲಿ ಮಳೆ ಸದ್ದು ಒಗ್ಗರಣೆ ಸಿಡಿದ ಹಾಗೆ. ಅಪ್ಪ ಸಂತೆಯಲ್ಲಿ ಹರಾಜು ಕೂಗುವವರ ಹಾಗೆ.

ಈ ಚಟ ಶುರುವಾಗಿದ್ದು ಪರೀಕ್ಷೆ ಹಿಂದಿನ ರಾತ್ರಿಗಳಲ್ಲಿ. ಯೂಟ್ಯೂಬ್‌ನಲ್ಲಿ ಪಾಠವನ್ನು ಮೊದಲು ಒಂದೂವರೆ ಪಟ್ಟಲ್ಲಿ, ಆಮೇಲೆ ಎರಡರಲ್ಲಿ ಓಡಿಸಿದೆ. 2021ರಲ್ಲಿ ವಾಟ್ಸಾಪ್ ವಾಯ್ಸ್‌ಗೂ ಅದೇ ಗುಂಡಿ ಬಂತು. ಈಗ ಗುಂಡಿ ಇಲ್ಲದ ಕಡೆಯೂ ಬೆರಳು ಅದನ್ನೇ ಹುಡುಕುತ್ತದೆ ಮಾರಾಯ. ಮೇಷ್ಟ್ರು ಪಾಠದ ಮಧ್ಯೆ ಕೆಮ್ಮಿದರೆ ಸಿಟ್ಟು ಬರುತ್ತದೆ. ಅಜ್ಜಿ ಕತೆ ಹೇಳುವಾಗ ಅವರ ಮಾತನ್ನು ನಾನೇ ಮುಗಿಸಿಬಿಡುತ್ತೇನೆ, ಅದೂ ತಪ್ಪು ತಪ್ಪಾಗಿ. ಪಾಪ, ಅಜ್ಜಿ ‘ಹೂಂ, ಹಾಗೇ ಇರಬೇಕು’ ಅನ್ನುತ್ತಾರೆ.

ಕಳೆದ ವಾರ ಸ್ಕಾಲರ್‌ಶಿಪ್ ಫಾರಂ ತುಂಬಲು ಅಪ್ಪನ ಬ್ಯಾಂಕ್ ಖಾತೆ ನಂಬರ್ ಬೇಕಾಯಿತು. ಯಾವುದೋ ಹಳೆ ಮೆಸೇಜಿನಲ್ಲಿ ಹೇಳಿದ್ದರು. ಎರಡು ಪಟ್ಟಲ್ಲಿ ನಂಬರ್ ಹಿಡಿಯಲು ಆಗಲಿಲ್ಲ. ಒಂದಕ್ಕೆ ಇಳಿಸಿ, ಬರೆದುಕೊಂಡು, ಫೋನ್ ಮಂಚದ ಮೇಲೆ ಹಾಗೇ ಬಿಟ್ಟೆ. ಅಪ್ಪ ‘ಆಯ್ತು, ಇಡ್ತೇನೆ’ ಅಂದರು. ಇಡಲಿಲ್ಲ. ಗುಂಡಿಯಿಂದ ಬೆರಳು ತೆಗೆಯಲು ಅವರು ಯಾವಾಗಲೂ ಮರೆಯುತ್ತಾರೆ. ಆಮೇಲೆ ಅವ್ವನ ದನಿ.

‘ಕಾಲಿನ ವಿಷಯ ಹೇಳಿದ್ರಾ?’

‘ಸುಮ್ನಿರು. ಅವನಿಗೆ ಪರೀಕ್ಷೆ ಇದೆ. ಮೆಣಸು ಕೊಯ್ಯುವವನು ಏಣಿಯಿಂದ ಬೀಳದೆ ಇರ್ತಾನಾ?’

ಅಷ್ಟೇ. ಮೆಸೇಜ್ 3 ನಿಮಿಷ 40 ಸೆಕೆಂಡ್. ಬಂದು 19 ದಿನ ಆಗಿತ್ತು. ಅದರ ಕೆಳಗೆ ನಾನು ಕಳಿಸಿದ ಹೆಬ್ಬೆರಳು. ಮೆಸೇಜ್ ಬಂದದ್ದು 8:14ಕ್ಕೆ, ಹೆಬ್ಬೆರಳು ಹೋದದ್ದೂ 8:14ಕ್ಕೇ. ಎರಡು ಪಟ್ಟಲ್ಲಿ ಕೇಳಿದರೂ 1 ನಿಮಿಷ 50 ಸೆಕೆಂಡ್ ಬೇಕು. ನಾನು ಬಿ.ಕಾಂ. ಓದುತ್ತಿದ್ದೇನೆ, ಇಷ್ಟು ಲೆಕ್ಕ ಬರುತ್ತದೆ.

ಇಲ್ಲಿಗೆ ನಿಲ್ಲಿಸಬೇಕು ಅಂತಿದ್ದೆ. ಆದರೆ ಆ ಭಾನುವಾರ ನಾನು ಮನೆಗೆ ಹೋದದ್ದು ಈ ಮೆಸೇಜ್ ಬಂದ ಮೇಲೆ. ರೀಲಿಗೆ ತೆಗೆದ ತುಣುಕುಗಳನ್ನು ಮೊನ್ನೆ ಮತ್ತೆ ನೋಡಿದೆ. ಒಂದರಲ್ಲಿ ಹೂವಿನ ಹಿಂದೆ, ಮಸುಕಾಗಿ, ಅಪ್ಪ ಕುಂಟುತ್ತಾ ಅಂಗಳ ದಾಟುತ್ತಿದ್ದಾರೆ. ಕೈಯಲ್ಲಿ ಒಂದು ಕೋಲು. ಆ ತುಣುಕನ್ನು ರೀಲಿನಿಂದ ಕತ್ತರಿಸಿದವನು ನಾನೇ. ಫ್ರೇಮ್ ಹಾಳಾಗುತ್ತದೆ ಅಂತ. ಕತ್ತರಿಸುವಾಗ ಯಾರೋ ಕೆಲಸದವರು ಅಂದುಕೊಂಡಿದ್ದೆ ಕಣೋ.

ಫೋನ್ ಮಾಡಿದೆ. ‘ಕಾಲಾ? ಯಾವ ಕಾಲು?’ ಅಂದರು. ಎರಡನೇ ಮಳೆ 60 ಸೆಂಟ್ ಬಿದ್ದಿದೆಯಂತೆ, ಇನ್ನು ಚಿಂತೆ ಇಲ್ಲವಂತೆ. ನಾನು ಏನೂ ಮಾತಾಡಲಿಲ್ಲ. ಅವರು ‘ಹಲೋ, ಹಲೋ’ ಅಂದರು.

ಥೂ, ಇಷ್ಟು ಬರೆಯಬೇಕು ಅಂತ ಇರಲಿಲ್ಲ. ಎಲ್ಲರೂ ನೋಡುತ್ತಿದ್ದಾರೆ ಬೇರೆ. ಕಣ್ಣೀರಿನ ರೀಲ್ ಮಾಡಿ ಕೆಳಗೆ ಪಿಟೀಲು ಹಾಕುವುದೊಂದು ಬಾಕಿ.

ಅಂದಹಾಗೆ, ಡಿಸೆಂಬರ್‌ನಲ್ಲಿ ನೀನು ಕಳಿಸಿದ ಒಂಬತ್ತು ವಾಯ್ಸ್, ಅದೇ, ಅವಳು ಬಿಟ್ಟುಹೋದ ವಾರದ್ದು, ಅವನ್ನೂ ನಾನು ಬಟ್ಟೆ ಒಗೆಯುತ್ತಾ ಎರಡು ಪಟ್ಟಲ್ಲೇ ಕೇಳಿದ್ದು. ಆ ವೇಗದಲ್ಲಿ ನಿನ್ನ ಅಳು ನಗು ಇದ್ದ ಹಾಗೆ ಇತ್ತು. ಅದಕ್ಕೇ ನಗುವ ಮುಖ ಕಳಿಸಿದ್ದು. ನೀನು ಎರಡು ತಿಂಗಳು ಯಾಕೆ ಮಾತು ಬಿಟ್ಟೆ ಅಂತ ಈಗ ಅರ್ಥವಾಯಿತು. ಕ್ಷಮಿಸು, ಇಲ್ಲವಾದರೆ ಊರಿಗೆ ಬಂದಾಗ ಎರಡು ಬಾರಿಸು.

ಇವತ್ತು ರಾತ್ರಿ ನಿನಗೊಂದು ವಾಯ್ಸ್ ಕಳಿಸುತ್ತೇನೆ. ಸರಿಯಾಗಿ 6 ನಿಮಿಷ ಇರುತ್ತದೆ. 6 ನಿಮಿಷದೊಳಗೆ ಹೆಬ್ಬೆರಳು ಬಂತೋ, ಹಲಸಿನ ಹಣ್ಣಿನ ವಿಷಯ ಇಲ್ಲೇ, ಇವರೆಲ್ಲರ ಎದುರೇ ಬರೆಯುತ್ತೇನೆ.

ನಿನ್ನ,
ಬಂಡೆ