ಬಸುರಿಯರ ಮಾತ್ರೆ ಬಗ್ಗೆ, ದಯವಿಟ್ಟು ಪೂರ್ತಿ ಓದಿ

ಅಕ್ಕಂದಿರೇ, ವೈನಿಯರೇ, ನಿನ್ನೆ ಶಹಾಪುರದ ನಮ್ಮ ಓಣಿಯಲ್ಲಿ ಮೂರು ತಿಂಗಳ ಬಸುರಿಯೊಬ್ಬಳ ಕೈಯಲ್ಲಿ ಕತ್ತರಿಯಿಂದ ತುಂಡು ಮಾಡಿದ ಪಟ್ಟಿ ನೋಡಿದೆ. ನಾಲ್ಕು ಮಾತ್ರೆ. ಹೆಸರಿಲ್ಲ, ತಾರೀಕಿಲ್ಲ. ಗಂಡು ಮಗು ಆಗುತ್ತೆ ಅಂತ ಯಾರೋ ಕೊಟ್ಟಿದ್ದಂತೆ. ನನ್ನ ಎದೆ ಝಲ್ ಎಂದಿತು.

ಗಂಡೋ ಹೆಣ್ಣೋ ಅನ್ನೋದು ಗರ್ಭ ಕಟ್ಟಿದ ದಿನವೇ ತೀರ್ಮಾನ ಆಗಿರುತ್ತೆ, ಯಾವ ಮಾತ್ರೆಯೂ ಅದನ್ನು ಬದಲಿಸಲ್ಲ. ಆದರೆ ಕೂಸಿನ ಜನನಾಂಗ ರೂಪುಗೊಳ್ಳುವುದು ಈ ಮೊದಲ ತಿಂಗಳುಗಳಲ್ಲೇ, ಆಗ ಇಂಥ ಹೆಸರಿಲ್ಲದ ಮಾತ್ರೆಯಲ್ಲಿ ಹಾರ್ಮೋನ್ ಇದ್ದು ಅದು ಸುಮ್ನೆ ಹೊಟ್ಟೆಗೆ ಹೋದರೆ ಕೂಸಿಗೇ ಪೆಟ್ಟಾಗಬಹುದು.

ಅಮೆರಿಕದಲ್ಲಿ ಗರ್ಭ ನಿಲ್ಲಲಿ ಅಂತ ಲಕ್ಷಾಂತರ ಬಸುರಿಯರಿಗೆ ಡಿಇಎಸ್ ಎಂಬ ಹಾರ್ಮೋನ್ ಕೊಟ್ಟರು. ಕೂಸುಗಳು ಹುಟ್ಟಿದಾಗ ಚೆನ್ನಾಗೇ ಕಂಡವು. 1971ರಲ್ಲಿ ಬಯಲಾಯಿತು: ಬೆಳೆದ ಹೆಣ್ಣುಮಕ್ಕಳಲ್ಲಿ ಕೆಲವರಿಗೆ ಯೋನಿಯ ಅಪರೂಪದ ಕ್ಯಾನ್ಸರ್. ಮುಂದೆ ನೋಡಿದರೆ ಎಷ್ಟೋ ಜನರ ಗರ್ಭಕೋಶದ ಆಕಾರವೇ ಬೇರೆ, ಬಸಿರು ನಿಲ್ಲೋದೇ ಕಷ್ಟ. ಗಂಡುಮಕ್ಕಳಲ್ಲೂ ಕೆಲವರ ವೃಷಣ ಕೆಳಗೆ ಇಳಿದಿರಲಿಲ್ಲ. ತಾಯಿ ನುಂಗಿದ ಮಾತ್ರೆಗೆ ಮಗಳು ಇಪ್ಪತ್ತು ವರ್ಷದ ಮೇಲೆ ಅಳಬೇಕಾಯಿತು, ಎಂಥ ಅನ್ಯಾಯ ಅಲ್ವಾ?

ಹಾಗಂತ ಫಿಟ್ಸ್, ಥೈರಾಯ್ಡ್, ಬಿಪಿ ಮಾತ್ರೆ ನೀವಾಗಿಯೇ ನಿಲ್ಲಿಸಬೇಡಿ, ಅದೂ ಅಪಾಯ, ಡಾಕ್ಟರನ್ನೇ ಕೇಳಿ. ಕೂದಲು ಉದುರೋದಕ್ಕೆ ಗಂಡಸರು ನುಂಗುವ ಫಿನಾಸ್ಟರೈಡ್ ಮನೆಯಲ್ಲಿದ್ದರೆ, ಒಡೆದ ಮಾತ್ರೆಯನ್ನು ಬಸುರಿ ಮುಟ್ಟುವುದೂ ಬೇಡ. ಕಬ್ಬಿಣದ ಮಾತ್ರೆ ಮಾತ್ರ ತಪ್ಪಿಸಬೇಡಿ.

ಮುಂದಿನ ಸಲ ತಪಾಸಣೆಗೆ ಹೋಗುವಾಗ ತಾಯಿ ಕಾರ್ಡ್ ಜೊತೆ ಮನೆಯಲ್ಲಿರುವ ಎಲ್ಲ ಮಾತ್ರೆ ಪಟ್ಟಿಗಳನ್ನೂ ಚೀಲಕ್ಕೆ ಹಾಕಿಕೊಂಡು ಹೋಗಿ, ನಾಟಿ ಪುಡಿ ಇದ್ದರೆ ಅದನ್ನೂ.